ಮೂಗು ಸತ್ತವನ ಹೊಟ್ಟೆಕಿಚ್ಚು

ಅವರೆಕಾಯಿ ಕಾಲ ಬಂತೆಂದರೆ ನಮ್ಮ ಬಸ್ಸು ಹತ್ತಿದವರನ್ನೆಲ್ಲ ಕತ್ತು ಹಿಡಿದು ಕೆಳಗಿಳಿಸಬೇಕು ಅನ್ನಿಸುತ್ತಿತ್ತು. ಪಾಪ, ಅವರದೇನೂ ತಪ್ಪಿರಲಿಲ್ಲ. ಸಂತೆಗೆ ಹೊರಟ ಹೆಂಗಸರು ಕಾಯಿ ತುಂಬಿದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂರುತ್ತಿದ್ದರು. ಪಕ್ಕದಲ್ಲಿದ್ದವರು ಯಾರನ್ನೂ ಕೇಳದೆ ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಏನ್ ಸೊಗಡು ಕಣವ್ವ!" ಅನ್ನುತ್ತಿದ್ದರು. ಇಬ್ಬನಿ ಕುಡಿದ ಅವರೆಯ ಜಿಡ್ಡು ಕೈಗೆ ಹತ್ತಿದರೆ ನಮ್ಮ ಕಡೆಯವರು ಕೈ ತೊಳೆಯುವುದಿಲ್ಲ. ಮೂಸುತ್ತಾರೆ, ಮಾತಾಡುತ್ತಾರೆ, ಮತ್ತೆ ಮೂಸುತ್ತಾರೆ. ಟಿಕೆಟ್ ಹರಿದು ಕೊಡುತ್ತಾ ನಾನು ಆ ಮುಖಗಳನ್ನೇ ನೋಡುತ್ತಿದ್ದೆ. ಹೊಟ್ಟೆ ಧಗಧಗ ಉರಿಯುತ್ತಿತ್ತು. ಅಷ್ಟು ಹೊತ್ತಿಗಾಗಲೇ ನನ್ನ ಮೂಗು ಸತ್ತುಹೋಗಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಕೆ.ಆರ್. ಪೇಟೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗಿಬರುವ ಖಾಸಗಿ ಬಸ್ಸೊಂದರಲ್ಲಿ ನಾನು ಕಂಡಕ್ಟರು. ಮನೆ ಚಿನಕುರಳಿಯಲ್ಲಿ. ಹೊಸದಾಗಿ ಮದುವೆಯಾಗಿತ್ತು. ಒಂದು ದಿನ ಮೊಪೆಡ್ಡಿನಲ್ಲಿ ಬರುತ್ತಿದ್ದಾಗ ಕಲ್ಲುಕೋರೆಯ ಲಾರಿಯಿಂದ ರಸ್ತೆಗೆ ಚೆಲ್ಲಿದ್ದ ಜಲ್ಲಿಯ ಮೇಲೆ ಚಕ್ರ ಜಾರಿತು. ಹಿಂದಲೆ ನೆಲಕ್ಕೆ ಬಡಿಯಿತು. ನಾಲ್ಕಾರು ಹೊಲಿಗೆ, ಒಂದಷ್ಟು ದಿನ ತಲೆನೋವು, ಅಷ್ಟೇ ಅಂದುಕೊಂಡೆ. ಮನೆಗೆ ಬಂದ ದಿನ ಅವ್ವ ಹುರುಳಿಕಾಳಿನ ಬಸ್ಸಾರು ಮಾಡಿ, ಮುದ್ದೆಯ ಜೊತೆ ತಂದಿಟ್ಟಳು. ಎರಡು ತುತ್ತು ನುಂಗಿ, "ಇದ್ಯಾವ ಸಾರವ್ವಾ?" ಅಂತ ಕೇಳಿದೆ. ಅವ್ವ ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ಉಪ್ಪು ತಿಳಿಯುತ್ತಿತ್ತು, ಹುಳಿ ತಿಳಿಯುತ್ತಿತ್ತು, ಖಾರ ಉರಿಯುತ್ತಿತ್ತು. ಹುರುಳಿ ಮಾತ್ರ ಎಲ್ಲೂ ಇರಲಿಲ್ಲ.

ಮೈಸೂರಿನ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮೂಗಿನ ಮೇಲ್ಗಡೆ ಜರಡಿಯಂಥ ಒಂದು ಎಲುಬು. ಅದರ ತೂತುಗಳಲ್ಲಿ ಕೂದಲೆಳೆಯಂಥ ನರಗಳು ನುಸುಳಿ ಮಿದುಳಿಗೆ ಹೋಗುತ್ತವೆ. ತಲೆಗೆ ಜೋರಾಗಿ ಪೆಟ್ಟು ಬಿದ್ದರೆ ಮಿದುಳು ಒಳಗೇ ಅಲ್ಲಾಡಿ ಆ ಎಳೆಗಳು ಹರಿಯುತ್ತವೆ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಅಂತ ಕೆಲವೇ ಗೊತ್ತಂತೆ. ನಾವು ರುಚಿ ರುಚಿ ಅಂತ ಚಪ್ಪರಿಸುವುದೆಲ್ಲ ಬಾಯಿಯ ಹಿಂದಿನಿಂದ ಮೂಗಿಗೇರುವ ಗಮಲಂತೆ. ಬಂದರೆ ಬರಬಹುದು, ಕಾದು ನೋಡಿ ಅಂದರು. ಕಾದೆ. ಬರಲಿಲ್ಲ.

ಕಣ್ಣು ಹೋದವನನ್ನು ಕಂಡರೆ ಊರೇ ಅಯ್ಯೋ ಅನ್ನುತ್ತದೆ. ಮೂಗು ಹೋದವನನ್ನು ಕಂಡರೆ ನಗುತ್ತದೆ. ನಮ್ಮ ಡ್ರೈವರು ವಿಷಯ ಕೇಳಿ ಸ್ಟಿಯರಿಂಗಿನ ಮೇಲೆ ಬಿದ್ದು ಬಿದ್ದು ನಕ್ಕ.

"ಒಳ್ಳೇದೇ ಆಯ್ತು ಬುಡ್ಲಾ. ಇನ್ಮೇಲೆ ಒಣಮೀನ್ ಮೂಟೆ ಪಕ್ಕ ನೀನೇ ನಿಂತ್ಕೊ."

ಸಂತೆಯ ದಿನ ಹಾಗೇ ಆಯಿತು. ಒಣಮೀನಿನ ಮೂಟೆ ನನ್ನ ಪಕ್ಕಕ್ಕೆ, ಮೂಗಿರುವವರೆಲ್ಲ ಮುಂದಕ್ಕೆ. ಮೂಗು ಮುಚ್ಚಿಕೊಂಡು ಮುಖ ಹಿಂಡುತ್ತಿದ್ದವರನ್ನು ಕಂಡರೂ ನನಗೆ ಹೊಟ್ಟೆಕಿಚ್ಚೇ. ನಾತವಾದರೂ ಆಗಲಿ, ಏನಾದರೂ ಒಂದು ಒಳಗೆ ಹೋಗಬಾರದೇ?

ಮೂಗಿದ್ದ ಕಾಲದಲ್ಲಿ ಕಣ್ಣು ಮುಚ್ಚಿಕೊಂಡೇ ಸ್ಟಾಪು ಕೂಗುತ್ತಿದ್ದೆ. ಗದ್ದೆಗೆ ನೀರು ಬಿಟ್ಟ ಕೆಸರಿನ ವಾಸನೆ ಬಂದರೆ ಕಿರಂಗೂರು. ಎಳ್ಳೆಣ್ಣೆ ಗಾಣದ ಹಿಂಡಿಯ ವಾಸನೆ ಬಂದರೆ ಪಾಂಡವಪುರದ ಒಂದು ತಿರುವು. ಚಳಿಗಾಲದ ಬೆಳಿಗ್ಗೆ ದಾರಿ ಬದಿಯ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿದ್ದರೆ ಇಡೀ ಬಸ್ಸು ಮಾತು ನಿಲ್ಲಿಸುತ್ತಿತ್ತು. ಮುದುಕರು, ಶಾಲೆ ಮಕ್ಕಳು, ಕೋರ್ಟಿಗೆ ಹೊರಟವರು ಎಲ್ಲ ಒಟ್ಟಿಗೆ ಕಿಟಕಿಯ ಕಡೆ ವಾಲಿ ಉಸಿರೆಳೆದುಕೊಳ್ಳುತ್ತಿದ್ದರು. ಕೋರ್ಟಿನಲ್ಲಿ ಎದುರುಬದುರು ನಿಲ್ಲಬೇಕಾದವರ ಮುಖವೂ ಒಂದು ಕ್ಷಣ ಸಡಿಲವಾಗುತ್ತಿತ್ತು. ಮೂಗು ಸತ್ತ ಮೇಲೂ ಅದೇ ಆಲೆಮನೆ, ಅದೇ ವಾಲುವಿಕೆ. ಬಾಯಲ್ಲಿ ಸೀಟಿ ಕಚ್ಚಿಕೊಂಡು ನಾನೊಬ್ಬ ನೆಟ್ಟಗೆ ನಿಂತಿರುತ್ತಿದ್ದೆ. ಬಿಟ್ಟಿ ಊಟಕ್ಕೆ ಎಲ್ಲರನ್ನೂ ಕರೆದು ನನ್ನೊಬ್ಬನನ್ನು ಬಾಗಿಲಲ್ಲೇ ತಡೆದಂತೆ ಅನ್ನಿಸುತ್ತಿತ್ತು.

ಇದು ಯಾಕೆ ಹೀಗೆ ಅಂತ ಆಮೇಲೆ ಸಿಕ್ಕ ಸಿಕ್ಕ ಪುಸ್ತಕ ಓದಿದೆ. ಕಂಡದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲ ಮೊದಲು ಮಿದುಳಿನ ಒಂದು ಜಂಕ್ಷನ್ನಿಗೆ ಹೋಗಿ, ಅಲ್ಲಿಂದ ಬೇರೆ ಬಸ್ಸು ಹಿಡಿದು ಮುಂದಕ್ಕೆ ಹೋಗಬೇಕಂತೆ. ವಾಸನೆ ಮಾತ್ರ ನೇರ ಬಸ್ಸು. ನೆನಪು, ಭಯ, ಪ್ರೀತಿ ಎಲ್ಲ ಕೂತಿರುವ ಜಾಗಕ್ಕೆ ಸೀದಾ ನುಗ್ಗುತ್ತದೆ. ಅದಕ್ಕೇ ಬೆಲ್ಲದ ಗಮಲು ಬಡಿದ ಕೂಡಲೇ ಮುದುಕನೊಬ್ಬ ಯೋಚನೆಯನ್ನೂ ಮಾಡದೆ ಮಗುವಾಗಿಬಿಡುತ್ತಾನೆ. ತಿಂದು ಬದುಕಲಿ, ಕೂಡಿ ಬಾಳಲಿ ಅಂತ ಮಿದುಳು ನಮಗೆ ಕೊಡುವ ಲಂಚವಂತೆ ಈ ಸುಖ. ಲಂಚ ಎಲ್ಲರಿಗೂ ಮುಟ್ಟುತ್ತಿತ್ತು, ನನಗೊಬ್ಬನಿಗೆ ಇಲ್ಲ. ಓದಿ ತಿಳಿದುಕೊಂಡ ಮೇಲೆ ಹೊಟ್ಟೆಕಿಚ್ಚು ಕಡಿಮೆಯೇನೂ ಆಗಲಿಲ್ಲ. ಏನನ್ನು ಕಳೆದುಕೊಂಡೆ ಅನ್ನುವುದು ಇನ್ನೂ ಸರಿಯಾಗಿ ಗೊತ್ತಾಯಿತು.

ಆ ವರ್ಷದ ಹಿರಿಯರ ಹಬ್ಬದಲ್ಲಿ ಸತ್ತವರ ಮೇಲೂ ಹೊಟ್ಟೆಕಿಚ್ಚು ಪಟ್ಟೆ. ಹೋದ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆ ಎಲೆಯ ಮೇಲೆ ಬಡಿಸಿ ಎಡೆ ಇಡುತ್ತೇವಲ್ಲ, ಆ ಎಡೆ ಆಗುವ ತನಕ ಮನೆಯಲ್ಲಿ ಯಾರೂ ಅಡುಗೆಯನ್ನು ನಾಲಿಗೆಗೆ ಹಾಕುವಂತಿಲ್ಲ, ಎಂಜಲಾಗುತ್ತದೆ. ಉಪ್ಪು, ಖಾರ, ಬೆಂದದ್ದು, ಬೇಯದ್ದು ಎಲ್ಲವನ್ನೂ ಹೆಂಗಸರು ಹಬೆಯ ವಾಸನೆಯಲ್ಲೇ ಹೇಳಬೇಕು. ಅವ್ವ ಮತ್ತು ನನ್ನ ಹೆಂಡತಿ ಮಿಂದು ಬರಲು ಹೋಗುವಾಗ, ಒಲೆ ಮೇಲಿನ ಬಾಡಿನ ಸಾರು ನೋಡಿಕೊಳ್ಳಲು ನನ್ನನ್ನು ಕೂರಿಸಿ ಹೋದರು. ನಾನು ಒಲೆಗೆ ಬೆನ್ನು ಕೊಟ್ಟು ಪೇಪರು ಓದುತ್ತಾ ಕೂತೆ. ಮೊದಲು ಓಡಿ ಬಂದವಳು ಪಕ್ಕದ ಮನೆಯವಳು. ಆಮೇಲೆ ಒದ್ದೆ ಸೀರೆಯಲ್ಲೇ ಅವ್ವ. ಸಾರಿನ ತಳ ಹಿಡಿದು ಕರಿಕಾಗಿತ್ತು.

"ಮೂಗೇನ್ ಬಾಡಿಗೆಗೆ ಕೊಟ್ಟಿದ್ದೀಯೇನ್ಲಾ? ಬೀದಿಗೆಲ್ಲ ಸೀದ್ ವಾಸ್ನೆ ಒಡೀತಾ ಅದೆ!" ಅಂತ ಅವ್ವ ಕೂಗಿದಳು. ಕೂಗಿದ ಮೇಲೆ ನೆನಪಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮತ್ತೆ ಬಾಡು ತಂದು, ಮತ್ತೆ ಅಡುಗೆಯಾಗಿ, ಹೊತ್ತು ಇಳಿದ ಮೇಲೆ ಎಡೆ ಇಟ್ಟದ್ದಾಯಿತು. ಸಾರು, ವಡೆ, ಕಜ್ಜಾಯ, ಅಪ್ಪ ಸೇದುತ್ತಿದ್ದ ಬೀಡಿ. ಧೂಪ ಹಾಕಿ ಬಾಗಿಲು ಮುಂದೆಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ಒಳಗೆ ಹಿರಿಯರು ಬಂದು ಉಣ್ಣುವ ಹೊತ್ತು ಅದು.

"ಅವ್ರೇನ್ ಬಾಯಲ್ಲಿ ಉಣ್ಣಕಿಲ್ಲ ಕನ್ ಮಗ. ಗಮಲು ಈರ್ಕೊಂಡು ಓಯ್ತಾರೆ, ಅಷ್ಟೇಯ," ಅಂದಳು ಅವ್ವ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ ಏನೋ. ಸತ್ತು ವರ್ಷಗಳಾದ ಅಪ್ಪ ಬಾಗಿಲ ಆಚೆ ಕೂತು ಸಾರಿನ ಗಮಲು ಎಳೆದುಕೊಳ್ಳುತ್ತಿದ್ದಾನೆ. ಬದುಕಿರುವ ನಾನು ಈಚೆ ಕೂತು, ಇನ್ನು ಸ್ವಲ್ಪ ಹೊತ್ತಿಗೆ ಅದೇ ಸಾರನ್ನು ಉಪ್ಪುಖಾರದ ಬಿಸಿನೀರಿನಂತೆ ಕುಡಿಯಬೇಕು. ಸತ್ತವರಿಗಿರುವ ಭಾಗ್ಯ ನನಗಿಲ್ಲ ಅನ್ನಿಸಿ ಅಪ್ಪನ ಮೇಲೆ ಸಿಟ್ಟೇ ಬಂತು. ಆ ದಿನ ಅರ್ಧಕ್ಕೇ ಊಟ ಬಿಟ್ಟು ಎದ್ದೆ.

ಸಾರು ಸೀದದ್ದರಿಂದ ಇನ್ನೊಂದು ಹುಳ ತಲೆಗೆ ಹೊಕ್ಕಿತು. ಮಾರು ದೂರದಲ್ಲಿ ಪಾತ್ರೆ ಸೀದದ್ದು ತಿಳಿಯದವನಿಗೆ ತನ್ನ ಮೈ ನಾರುವುದು ಹೇಗೆ ತಿಳಿಯಬೇಕು? ದಿನವಿಡೀ ಬೆವರುವ ಕೆಲಸ. ಜನರ ಮಧ್ಯೆ ಮೈ ಉಜ್ಜಿಕೊಂಡು ಓಡಾಡುವ ಕೆಲಸ. ಯಾರಾದರೂ ಕಿಟಕಿಯ ಕಡೆ ತಿರುಗಿದರೆ ನನ್ನಿಂದಲೇ ತಿರುಗಿದರು ಅನ್ನಿಸತೊಡಗಿತು. ಹೆಂಡತಿ ಮೂಗೊರೆಸಿಕೊಂಡರೂ ಅನುಮಾನ. ದಿನಕ್ಕೆರಡು ಸಲ ಮೈಕೈ ಕೆಂಪಾಗುವ ಹಾಗೆ ಸೋಪು ಹಚ್ಚಿ ತಿಕ್ಕಿದೆ. ಕತ್ತಿಗೆಲ್ಲ ಪೌಡರು ಸುರಿದುಕೊಂಡೆ. ಅದೂ ಸಾಲದೆಂದು ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಅತ್ತರು ಮಾರುತ್ತಿದ್ದ ವಯಸ್ಸಾದ ಸಾಯಿಬರ ಬಳಿ ಒಂದು ಸೀಸೆ ಕೊಂಡೆ.

"ನೋಡು ಭಾಯಿ, ಕಿವಿ ಹಿಂದೆ ಒಂದೇ ಬೊಟ್ಟು. ಜಾಸ್ತಿ ಬ್ಯಾಡ," ಅಂತ ಅವರು ಹೇಳಿಯೇ ಕೊಟ್ಟಿದ್ದರು. ಒಂದು ಬೊಟ್ಟು ಹಚ್ಚಿದರೆ ನನಗೆ ಏನೂ ತಿಳಿಯಲಿಲ್ಲ. ಇನ್ನೊಂದು ಹಚ್ಚಿದೆ. ಆಗಲೂ ತಿಳಿಯಲಿಲ್ಲ. ಅಂಗೈಗೆ ಸುರಿದು ಕತ್ತು, ಎದೆಗೆಲ್ಲ ಬಳಿದುಕೊಂಡೆ.

"ಏನ್ಲಾ ಇದು, ದಿನಾ ಮದ್ವೆಗ್ ಓಗೋನಂಗೆ ಗಮಗುಡ್ತೀಯ!" ಅಂದ ಡ್ರೈವರು. ಅವನು ಕೆಮ್ಮುತ್ತಾ ಹೇಳಿದ್ದು ನನಗೆ ಹೊಗಳಿಕೆಯಾಗಿ ಕೇಳಿಸಿತು.

ಅಷ್ಟರಲ್ಲಿ ಹೆಂಡತಿ ಬಸುರಿಯಾದಳು. ನನ್ನ ಪಾಲಿನ ವಾಸನೆಯನ್ನೂ ದೇವರು ಅವಳಿಗೇ ಸೇರಿಸಿ ಕೊಟ್ಟನೋ ಎಂಬಂತೆ ಅವಳ ಮೂಗು ಚುರುಕಾಯಿತು. ನಾನು ಪಾಂಡವಪುರದಲ್ಲಿ ಏನು ತಿಂದು ಬಂದೆ ಅನ್ನುವುದನ್ನು ಬಾಗಿಲಲ್ಲೇ ಹೇಳುತ್ತಿದ್ದಳು. ಬೇಸಿಗೆಯ ಮೊದಲ ಮಳೆ ಬಿದ್ದ ದಿನ ಜಗಲಿಯ ಕಂಬಕ್ಕೆ ಒರಗಿ ನಿಂತು, ಒದ್ದೆ ಮಣ್ಣಿನ ವಾಸನೆಯನ್ನು ಎದೆತುಂಬ ಎಳೆದುಕೊಂಡು ನಗುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ.

"ಎಂಗದೆ ಯೋಳು," ಅಂದೆ.

"ಮಣ್ ವಾಸ್ನೆ."

"ಅದೇ ಎಂಗದೆ ಅಂತ ಯೋಳೇ."

ಅವಳು ಇನ್ನೊಮ್ಮೆ ಉಸಿರೆಳೆದು ನೋಡಿದಳು. "ವಾಸ್ನೆ ಯೋಳಕಾಯ್ತದಾ? ಅದು ಬಂದ್ರೆ ಬತ್ತದೆ, ಅಷ್ಟೇ," ಅಂದು ಮತ್ತೆ ಕಣ್ಣು ಮುಚ್ಚಿದಳು. ಇರುವವರು ಇಲ್ಲದವರಿಗೆ ಒಂದು ಚೂರನ್ನೂ ಮುರಿದು ಕೊಡಲಾಗದ ಆಸ್ತಿ ಅದು. ನಾನು ಒಳಗೆ ಹೋಗಿ ಸುಮ್ಮನೆ ಮಲಗಿದೆ.

ಮಗಳು ಹುಟ್ಟಿದಳು. ಬಾಣಂತನ ಮುಗಿಸಿಕೊಂಡು ಕಿಕ್ಕೇರಿಯ ತವರಿನಿಂದ ಹೆಂಡತಿ ಕೂಸಿನೊಂದಿಗೆ ಬಂದ ದಿನ ಮನೆ ತುಂಬ ಹೆಂಗಸರು. ನಮ್ಮಲ್ಲಿ ಕೂಸನ್ನು ಕೈಗೆ ತೆಗೆದುಕೊಂಡವರು ಮೊದಲು ಮುಖ ನೋಡುವುದಿಲ್ಲ, ನೆತ್ತಿ ಮೂಸುತ್ತಾರೆ. ಒಬ್ಬಳು ಮೂಸಿ, "ಅಯ್ ನನ್ ಕಂದ," ಅಂದು ಇನ್ನೊಬ್ಬಳಿಗೆ ದಾಟಿಸುವಳು. ಅವಳು ಮೂಸಿ ಮತ್ತೊಬ್ಬಳಿಗೆ. ಅವ್ವನಂತೂ ನೆತ್ತಿಗೆ ಮೂಗು ಒತ್ತಿಕೊಂಡು ಮಗು ಕೊಡಲೇ ಒಲ್ಲಳು. "ಈಗ್ತಾನೆ ಕಾಸಿದ್ ಆಲ್ನಂಗದೆ," ಅಂದು ನೆಟಿಗೆ ಮುರಿದು ದೃಷ್ಟಿ ತೆಗೆದಳು. ಸರದಿ ನನ್ನದಾಯಿತು. ಹೊರಗಿನಿಂದ ಬಂದವನು ಹಾಗೇ ಕೂಸು ಮುಟ್ಟಬಾರದು ಅನ್ನುವುದು ಅವ್ವನ ಕಟ್ಟಳೆ. ನಾನು ಕೈಕಾಲು ತೊಳೆಯುವುದಷ್ಟೇ ಅಲ್ಲ, ತಿಕ್ಕಿ ಸ್ನಾನ ಮಾಡಿ, ಪೌಡರು ಹಾಕಿ, ಅತ್ತರು ಬಳಿದು ಮದುಮಗನಂತೆ ಬಂದಿದ್ದೆ. ಮಗಳ ನೆತ್ತಿಗೆ ಮೂಗಿಟ್ಟು ಇದ್ದಬದ್ದ ಉಸಿರನ್ನೆಲ್ಲ ಎಳೆದೆ. ಬೆಚ್ಚಗಿತ್ತು. ಮೆತ್ತಗಿತ್ತು. ಅಷ್ಟೇ. ಕೂಸು ಮುಖ ಕಿವುಚಿ, ಮೈ ಸೆಟೆಸಿ ಕಿರುಚತೊಡಗಿತು.

ಆ ದಿನ ಶುರುವಾದದ್ದು ನಿಲ್ಲಲಿಲ್ಲ. ಯಾರು ಎತ್ತಿಕೊಂಡರೂ ಸುಮ್ಮನಿರುವ ಮಗು ನಾನು ಎತ್ತಿಕೊಂಡರೆ ಅಳುತ್ತಿತ್ತು. ಹೆಂಡತಿ ಬಂದು ಸೆರಗಿನೊಳಗೆ ಹಾಕಿಕೊಂಡರೆ ಅರೆಕ್ಷಣದಲ್ಲಿ ಸದ್ದಡಗುತ್ತಿತ್ತು. ಕಣ್ಣು ಸರಿಯಾಗಿ ಕಾಣುವ ಮೊದಲೇ ಕೂಸು ತಾಯಿಯನ್ನು ವಾಸನೆಯಿಂದ ಗುರುತು ಹಿಡಿಯುತ್ತದೆ ಅಂತ ಯಾವುದೋ ವಾರಪತ್ರಿಕೆಯಲ್ಲಿ ಓದಿದೆ. ಆ ವಾಸನೆ ಬಂದರೆ ಅದರ ಮಿದುಳಿಗೆ ಸಮಾಧಾನವಂತೆ. ಓಹೋ ಅಂದುಕೊಂಡೆ. ಇವರಿಬ್ಬರೂ ಮೂಗಿನಲ್ಲೇ ಮಾತಾಡಿಕೊಳ್ಳುತ್ತಿದ್ದಾರೆ. ನಾನು ಆ ಭಾಷೆ ಬಾರದವನು, ಮಗುವಿಗೂ ಅದು ಗೊತ್ತಾಗಿದೆ. ಹೆಂಡತಿಯ ಮೇಲೆ ನನಗೆ ಬಂದ ಹೊಟ್ಟೆಕಿಚ್ಚನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಹೆಂಡತಿ ಮಗುವಿನ ನೆತ್ತಿ ಮೂಸುವುದು ಕಂಡರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಇನ್ನಷ್ಟು ಶುದ್ಧವಾದರೆ ಮಗಳು ಬಂದಾಳು ಅಂತ ಇನ್ನಷ್ಟು ತಿಕ್ಕಿದೆ, ಸೀಸೆಯ ಮೇಲೆ ಸೀಸೆ ಅತ್ತರು ತಂದೆ. ಕೊನೆಗೆ ಎತ್ತಿಕೊಳ್ಳುವುದನ್ನೇ ಬಿಟ್ಟೆ.

ಅವಳು ಓಡಾಡಿ ಮಾತಾಡುವ ಹೊತ್ತಿಗೆ ಬಸ್ಸಿನ ಮಾಲೀಕರು ರೂಟು ಬದಲಿಸಿದರು. ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗಿ ಅಲ್ಲೇ ನೈಟ್ ಹಾಲ್ಟು. ದಿನ ಬಿಟ್ಟು ದಿನ ಮನೆ. ಮಗಳು ಬಾಗಿಲ ಸಂದಿಯಿಂದ ನೋಡುವಳು, "ಅಪ್ಪ ಬಂತು" ಅನ್ನುವಳು, ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅವ್ವನ ಹಿಂದೆ ಅವಿತುಕೊಳ್ಳುವಳು. ಆ ದಿನಗಳಲ್ಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮನೆಯ ಬಟ್ಟೆಯೆಲ್ಲ ಒಗೆದು ಮಡಚಿರುತ್ತಿತ್ತು, ನನ್ನ ಖಾಕಿ ಅಂಗಿ ಒಂದು ಮಾತ್ರ ಕೊಳೆ ಹಿಡಿದು ಮೂಲೆಯ ಚಾಪೆಯ ಮೇಲೆ ಬಿದ್ದಿರುತ್ತಿತ್ತು.

"ನನ್ನಂಗಿ ಒಗೆಯಕ್ಕೂ ಅಸಹ್ಯ ಆಗೋಯ್ತಾ ನಿಂಗೆ?" ಅಂತ ರೇಗಿದೆ.

"ನಿಮ್ ಮಗಳ್ನ ಕೇಳಿ," ಅಂದಳು ಹೆಂಡತಿ, ಮುಖ ಊದಿಸಿಕೊಂಡು. ಜಾರಿಕೊಳ್ಳುವ ಮಾತು ಅಂದುಕೊಂಡೆ. ಕೇಳಲಿಲ್ಲ.

ಮತ್ತೆ ಅವರೆಕಾಯಿ ಕಾಲ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಪಾಂಡವಪುರ ದಾಟುತ್ತಿದ್ದಂತೆ ಬಸ್ಸಿನ ಆಕ್ಸಲ್ ಮುರಿಯಿತು. ಜನರನ್ನೆಲ್ಲ ಹಿಂದಿನ ಬಸ್ಸಿಗೆ ಹತ್ತಿಸಿದೆವು. ಮೆಕ್ಯಾನಿಕ್ ಬರುವುದು ಸಂಜೆಯಾಗುತ್ತಿತ್ತು. "ನೀನ್ ಮನೆಗೋಗ್ಲಾ, ನಾನಿರ್ತೀನಿ," ಅಂದ ಡ್ರೈವರು. ನಾನು ಬರುವ ದಿನವೂ ಅಲ್ಲ, ಬರುವ ಹೊತ್ತೂ ಅಲ್ಲ. ಬಾಗಿಲು ತೆರೆದೇ ಇತ್ತು. ಹೆಂಡತಿ ಗೋಡೆಗೊರಗಿ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಪಕ್ಕದ ಚಾಪೆಯಲ್ಲಿ ಮಗಳು ಮಲಗಿದ್ದಳು. ನನ್ನ ಕೊಳೆ ಅಂಗಿ ಅವಳ ಮುಖದ ಮೇಲಿತ್ತು. ಕಾಲರನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡಿದ್ದಳು.

"ಇದೇನೇ ಇದು?" ಅಂದೆ.

"ನೀವಿಲ್ದಿದ್ ದಿನ ಇಂಗೇಯ. ಅದಿಲ್ದೆ ನಿದ್ದೆ ಬರಕಿಲ್ವಂತೆ. ಒಗೆಯಕ್ ತಕೊಂಡ್ರೆ ಅಟ್ಟಿ ಎಲ್ಲ ಕೇಳಂಗೆ ಅಳ್ತಾಳೆ. ನನ್ ಸೀರೆ ಕೊಟ್ರೆ ಕಾಲಲ್ ಒದೀತಾಳೆ." ಅವಳು ಕಾಳನ್ನು ಬೇಕಾದ್ದಕ್ಕಿಂತ ಜೋರಾಗಿ ಹಿತುಕಿದಳು. "ಒಂಬತ್ ತಿಂಗ್ಳು ಒತ್ತೋಳು ನಾನು. ಮಲಗಕ್ಕೆ ನಿಮ್ ಗಬ್ಬು ಅಂಗಿ ಬೇಕು."

ಅವಳ ಮುಖದಲ್ಲಿದ್ದದ್ದು ನನಗೆ ಚೆನ್ನಾಗಿ ಪರಿಚಯವಿದ್ದ ಉರಿ. ಬಚ್ಚಲಿಗೆ ಓಡಿ, ಎಂದಿನಂತೆ ಸೋಪು ತಿಕ್ಕಿ ಮಿಂದು, ಪೌಡರು ಹಾಕಿ, ಅತ್ತರು ಬಳಿದು ಬಂದು ಮಗಳನ್ನು ಎತ್ತಿಕೊಂಡೆ. ಅವಳು ಎಚ್ಚರವಾಗಿ ನನ್ನ ಕತ್ತಿಗೆ ಮೂಗು ತಂದಳು. ಮುಖ ಕಿವುಚಿದಳು. ಎರಡೂ ಕೈಯಿಂದ ಎದೆಯನ್ನು ನೂಕಿ, "ಬ್ಯಾಡ, ಇದು ಅಪ್ಪನ್ ವಾಸ್ನೆ ಅಲ್ಲ!" ಅಂತ ಕೆಳಗಿಳಿದು ಅಂಗಿಯಲ್ಲಿ ಮುಖ ಹುದುಗಿಸಿಕೊಂಡಳು.

ಹೆಂಡತಿ ನನ್ನನ್ನು ನೋಡಿದಳು. ನಾನು ಹೆಂಡತಿಯನ್ನು ನೋಡಿದೆ. ಇಷ್ಟು ವರ್ಷ ಮಗಳು ನನ್ನ ತೋಳಲ್ಲಿ ಅತ್ತಿದ್ದು ಸೋಪಿಗೆ, ಪೌಡರಿಗೆ, ಸಾಯಿಬರ ಸೀಸೆಗೆ. ಅವಳಿಗೆ ಬೇಕಾದ ಅಪ್ಪನನ್ನು ನಾನೇ ದಿನಕ್ಕೆರಡು ಸಲ ತಿಕ್ಕಿ ತಿಕ್ಕಿ ಬಚ್ಚಲ ಮೋರಿಗೆ ಹರಿಸಿದ್ದೆ.

"ಎಂಗದೆ ಅದು?" ಅಂತ ಕೇಳಿದೆ, ಅಂಗಿ ತೋರಿಸಿ.

"ಅತ್ತರೆಲ್ಲ ಆರೋಗಿ ಬರೀ ಬೆವ್ರು, ಡೀಸೆಲ್ಲು, ಚಿಲ್ರೆ ಕಾಸಿನ್ ಕಿಲುಬು," ಅಂದಳು ಹೆಂಡತಿ.

"ಅಲ್ಲ, ಅಪ್ಪನ್ ವಾಸ್ನೆ," ಅಂದಳು ಮಗಳು ಅಂಗಿಯೊಳಗಿನಿಂದ. ಆಮೇಲೆ ಏನನ್ನಿಸಿತೋ, ಅಂಗಿಯ ಒಂದು ತೋಳನ್ನು ಎತ್ತಿ ನನ್ನ ಮೂಗಿಗೆ ಹಿಡಿದಳು. "ನೀನೂ ನೋಡು."

ಎಳೆದೆ. ಏನೂ ಇಲ್ಲ. ಆದರೆ ಆ ಹೊತ್ತಿಗೆ ಓದಿದ್ದೊಂದು ನೆನಪಿಗೆ ಬಂತು. ಬಿಡದೆ ಜೊತೆಗಿರುವ ವಾಸನೆಯನ್ನು ಮಿದುಳು ಲೆಕ್ಕಕ್ಕೇ ಇಡುವುದಿಲ್ಲ. ಹೊಸದಾಗಿ ಬಂದದ್ದಕ್ಕೆ ಮಾತ್ರ ಅದು ಕಿವಿಗೊಡುತ್ತದೆ. ಹಾಗಾಗಿ ಎಂಥ ಚುರುಕು ಮೂಗಿನವರಿಗೂ ತಮ್ಮ ಮೈಯ ವಾಸನೆ ಸರಿಯಾಗಿ ತಿಳಿಯುವುದಿಲ್ಲ. ಅವರೆಕಾಯಿ ಮೂಸುವ ಹೆಂಗಸರಿಗೂ, ನನ್ನ ಹೆಂಡತಿಗೂ, ನನಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವೇ ಇಲ್ಲ. ಅದು ಯಾವಾಗಲೂ ಇನ್ನೊಬ್ಬರಿಗೆ ಸಿಗುವ ಸುಖ.

ಬಚ್ಚಲಿಗೆ ಹೋಗಿ ಸೋಪಿಲ್ಲದೆ ಬರೀ ನೀರು ಸುರಿದುಕೊಂಡು ಕತ್ತು, ಎದೆ ಉಜ್ಜಿ ತೊಳೆದೆ. ಸೀಸೆಯನ್ನು ಮೋರಿಗೆ ಬಗ್ಗಿಸಿದೆ. ಬಂದು ಮಗಳ ಮುಂದೆ ಕೈ ಚಾಚಿ ಅಂಗಿ ಕೇಳಿದೆ. ಕೊಡಲೋ ಬೇಡವೋ ಅಂತ ಅನುಮಾನಿಸಿ ಕೊಟ್ಟಳು. ಬೆವರು ಆರಿ ಗರಿಗರಿಯಾಗಿದ್ದ ಆ ಅಂಗಿಯನ್ನು ಒದ್ದೆ ಮೈಗೇ ತೊಟ್ಟು ಚಾಪೆಯ ಮೇಲೆ ಕೂತೆ. ಅವಳು ಹತ್ತಿರ ಬಂದು ಅಂಗಿ ಮೂಸಿದಳು, ನನ್ನ ಮುಖ ನೋಡಿದಳು, ಮತ್ತೆ ಮೂಸಿದಳು. ಆಮೇಲೆ ತೊಡೆ ಹತ್ತಿ ಕೂತಳು. ಅವಳ ನೆತ್ತಿ ನನ್ನ ಮೂಗಿನ ಕೆಳಗಿತ್ತು. ಬೆಚ್ಚಗಿತ್ತು, ಮೆತ್ತಗಿತ್ತು.

ನೋಡುತ್ತಾ ಕೂತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. ಅವರೆಯ ಜಿಡ್ಡು ಹತ್ತಿದ ಕೈಯನ್ನು ಮಗಳ ಮುಖದ ಹತ್ತಿರ ತಂದು, "ಇಲ್ನೋಡು ಕೂಸೇ, ಏನ್ ಸೊಗಡು!" ಅಂದಳು. ಮಗಳು ಆ ಕೈಯನ್ನು ಪಕ್ಕಕ್ಕೆ ಸರಿಸಿ ನನ್ನ ಕಂಕುಳಿಗೆ ಮೂಗು ತೂರಿಸಿದಳು.